ಉಮಾದೇವಿಯ ಐತವಾರದ ಪರೀಕ್ಷೆ

ಮಸ್ಕಿಯ ನಮ್ಮ ಓಣಿಯಲ್ಲಿ ಉಮಾದೇವಿಯ ಅಲಾರಂ ಬಗ್ಗೆ ನಗೆಯಾಡದವರು ಕಡಿಮೆ. ಆಕೆ ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತೆ. ಜೊತೆಗೆ ಕೆಲಸಕ್ಕಿದ್ದ ಹೆಂಗಸೊಬ್ಬಳು ಬಚ್ಚಲ ಬಾಗಿಲು ಹಾಕಿಕೊಂಡು, ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕಿಳಿದವಳು ಅದರ ವಿಷಗಾಳಿಗೆ ಸತ್ತುಹೋದಾಗ ಇವಳಿಗೆ ಎದೆ ಒಡೆದಂತಾಯಿತು. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಕಾರ್ಬನ್ ಮೊನಾಕ್ಸೈಡ್ ಕೋಣೆಯಲ್ಲಿ ತುಂಬಿದರೆ ಕೂಗುವ ಅಲಾರಂ ತರಿಸಿಯೇ ಬಿಟ್ಟಳು.

ಮಗಳು ಭಾಗ್ಯಶ್ರೀ ಬಾಣಂತನಕ್ಕೆ ಬಂದಾಗ ಅದು ಬಾಣಂತಿ ಕೋಣೆಯ ಅಲಮಾರಿಯ ಮೇಲೆ ಏರಿತು. ಕಾರಣ, ತುರ್ವಿಹಾಳದ ಬೀಗತಿ ಬಸ್ಸಮ್ಮ ಆರೈಕೆಗೆಂದು ಬಂದು ಕೂತಿದ್ದಳು. ಬಾಣಂತಿಗೆ ಮಂಚದ ಕೆಳಗೆ ಕೆಂಡ ಬೇಕು, ಕಿಟಕಿ ಮುಚ್ಚಿರಬೇಕು ಎಂಬುದು ಅವಳ ಹಟ; ಕೆಂಡದಿಂದಲೂ ಅದೇ ವಿಷಗಾಳಿ ಏಳುತ್ತದೆ.

"ಕೆಂಡ ಇಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಇದು ಒದರಿದ್ರ ಕೆಂಡ ಹೊರಗ, ಬಾಗ್ಲಾ ತೆರೀಬೇಕು" ಎಂದಿದ್ದಳು ಉಮಾದೇವಿ.

ಪ್ರತಿ ಐತವಾರ ಬೆಳಿಗ್ಗೆ ಸ್ಟೂಲ್ ಹತ್ತಿ ಅದರ ಗುಂಡಿ ಒತ್ತುವಳು. ಪೀಂ ಪೀಂ ಎಂದರೆ ಮುಖ ಅರಳುತ್ತಿತ್ತು. ಗಂಡ ಶಿವರಾಜ ಸ್ಟೂಲ್ ಹಿಡಿದು ನಿಲ್ಲುತ್ತಿದ್ದ. ಆ ಹೊತ್ತಿಗೆ ಟಿವಿ ಸಹ ಹಚ್ಚುತ್ತಿರಲಿಲ್ಲ. ತನ್ನ ಮಾತಿಗೆ ಕೊನೆಗೂ ಬೆಲೆ ಬಂತೆಂದು ಆಕೆ ನನ್ನ ಮುಂದೆ ಹೇಳಿಕೊಂಡು ಹಿಗ್ಗಿದ್ದಳು.

ಒಂದು ದಿನ ತಲೆನೋವೆಂದು ಕಚೇರಿಯಿಂದ ಮಧ್ಯಾಹ್ನವೇ ಬಸ್ ಹತ್ತಿ ಬಂದಳು. ಬಸ್ಸಮ್ಮ ಪಡಸಾಲೆಯಲ್ಲಿ ಮಲಗಿದ್ದಳು. ಶಿವರಾಜ ರಿಮೋಟ್ ಹಿಡಿದು ಚಾನೆಲ್ ತಿರುವುತ್ತಿದ್ದ. ಬಾಣಂತಿ ಕೋಣೆಯ ಬಾಗಿಲು ತಳ್ಳಿದರೆ ಬಿಸಿ ಮುಖಕ್ಕೆ ಬಡಿಯಿತು. ಮಗಳಿಗೆ ಏಳಲಾಗುತ್ತಿಲ್ಲ, ಕೂಸು ಅಳುತ್ತಿಲ್ಲ. ಅಲಾರಂ ಸುಮ್ಮನಿದೆ.

ಕೂಸನ್ನು ಎದೆಗವಚಿ ಹೊರಗೆ ಓಡಿ ಬಂದವಳ ಕೂಗಿಗೆ ಓಣಿಯೇ ಕೂಡಿತು. ನಾವು ಭಾಗ್ಯಶ್ರೀಯನ್ನು ಎತ್ತಿ ತಂದೆವು. ಗಾಳಿ ಬಿದ್ದೊಡನೆ ವಾಂತಿ ಮಾಡಿಕೊಂಡಳು. ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಹಚ್ಚಿದರು. ದೇವರು ದೊಡ್ಡವನು, ಇಬ್ಬರೂ ಉಳಿದರು.

ಮನೆಗೆ ಮರಳಿದ ದಿನ ಉಮಾದೇವಿ ಸ್ಟೂಲ್ ಹತ್ತಿ ಅಲಾರಂ ಬಿಚ್ಚಿ ನೋಡಿದಳು. ಒಳಗೆ ಸೆಲ್ ಇರಲಿಲ್ಲ. ಇಳಿದವಳೇ ಟಿವಿ ರಿಮೋಟ್ ಬೆನ್ನು ತೆಗೆದಳು. ಅಲ್ಲಿದ್ದವು, ಆಕೆಯೇ ತಂದಿದ್ದ ಕೆಂಪು ಸೆಲ್ಲುಗಳು!

"ಐತವಾರ ಹಾಕಿಡ್ತಿದ್ದೆ" ಎಂದ ಶಿವರಾಜ, ನೆಲ ನೋಡುತ್ತ. "ನಿನಗೂ ಸಮಾಧಾನ ಆಗ್ಲಿ ಅಂತ. ಅದು ಒದರಿದ್ರ ಬೀಗರು ಸಿಟ್ಟಾಗ್ತಿದ್ರು."

ಇಂಥ ಸಮಾಧಾನಕ್ಕೆ ಬೆಂಕಿ ಬೀಳಲಿ! ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಮಂಚದಿಂದ ಬಂತು.

"ಅವ್ವಾ, ಅಪ್ಪನ್ನ ಬೈಬ್ಯಾಡ" ಎಂದಳು ಭಾಗ್ಯಶ್ರೀ. "ತೆಗಿ ಅಂದಾಕಿ ನಾನಽ. ಮೊದಲ್ನೇ ದಿನಾನ ಒದರಿತ್ತದು. 'ನನ್ನ ಕೆಂಡಕ್ಕ ಹೆಸರಿಡ್ತೈತಿ ಇದು' ಅಂತ ಅತ್ತಿ ಊಟಾನ ಬಿಟ್ರು."

ಅಂದರೆ ಎಲ್ಲರಿಗೂ ಗೊತ್ತಿತ್ತು. ಇವಳು ಸ್ಟೂಲ್ ಮೇಲೆ ನಿಂತು ಪೀಂ ಪೀಂ ಕೇಳಿ ನಗುವಾಗ ಗಂಡ, ಮಗಳು, ಬೀಗತಿ, ಎಲ್ಲರೂ ಸುಮ್ಮನೆ ನೋಡುತ್ತಿದ್ದರು. ಉಮಾದೇವಿ ಬೈಯಲಿಲ್ಲ. ಅಡುಗೆಮನೆಗೆ ಹೋಗಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಕೂಸನ್ನು ನೋಡಲು ಬಂದಿದ್ದ ನಾನು ಅಲ್ಲೇ ಇದ್ದೆ.

ಮುಂದಿನ ಐತವಾರ ಸ್ಟೂಲ್ ಹಿಡಿಯಲು ಬಂದ ಗಂಡನನ್ನು ಆಕೆ ಕೈಯಿಂದಲೇ ಸರಿಸಿದಳು. ಗುಂಡಿ ಒತ್ತಿದಳು, ಅಲಾರಂ ಕೂಗಿತು. ಬೆನ್ನು ಬಿಚ್ಚಿ ಸೆಲ್ ಮುಟ್ಟಿ ನೋಡಿದಳು.

"ಎಲ್ಲಾ ಸರಿ ಐತಲ್ಲ?" ಎಂದ ಶಿವರಾಜ.

"ಈ ಡಬ್ಬಿ ಅಷ್ಟ ಸರಿ ಐತಿ" ಎಂದು ಆಕೆ ಕೆಳಗಿಳಿದಳು.