ಮೂರನೆಯ ದಿನ ಏನೂ ಬೇಡ

"ಮೈಸೂರ್, ಮೈಸೂರ್, ಮೈಸೂ...ರ್! ಬೇಗೂರ್, ನಂಜನಗೂಡ್, ಮೈಸೂರ್!"

ಗುಂಡ್ಲುಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಂಗಮ್ಮನ ಮನೆ. ಬೆಳಗಿನ ಐದೂವರೆಗೆ ಆ ಮನೆಯೊಳಗೆ ಮೊದಲು ಬರುವುದು ಈ ಕೂಗು, ಬೆಳಕು ಆಮೇಲೆ. ಕಂಡಕ್ಟರುಗಳು ಬದಲಾಗುತ್ತಾರೆ, ಗಂಟಲು ಬದಲಾಗುತ್ತದೆ, ಊರಿನ ಹೆಸರು ಮಾತ್ರ ಅದೇ. ಹರವೆಯಿಂದ ಮದುವೆಯಾಗಿ ಬಂದ ಮಂಗಮ್ಮನಿಗೆ ಈ ಓಣಿಯಲ್ಲಿ ಮೂವತ್ತಮೂರು ವರ್ಷ. ಅಷ್ಟು ವರ್ಷವೂ ದಿನಕ್ಕೆ ಹತ್ತಾರು ಸಲ ಯಾರೋ ಅವಳನ್ನು ಆ ಊರಿಗೆ ಕರೆಯುತ್ತಲೇ ಇದ್ದಾರೆ.

ಮಂಗಮ್ಮ ಊಟಿ ರಸ್ತೆಯ ಒಂದು ಲಾಡ್ಜಿನಲ್ಲಿ ರೂಮು ಗುಡಿಸಿ ಹಾಸಿಗೆ ಹಾಸುವ ಕೆಲಸ ಮಾಡುತ್ತಾಳೆ. ಆ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ನಮ್ಮೂರಿಗೆ ಬರುವ ಪ್ರವಾಸಿಗಳಲ್ಲಿ ನಮ್ಮೂರನ್ನೇ ನೋಡಲು ಬರುವವರು ಕಡಿಮೆ. ಮೈಸೂರು ನೋಡಿ ಮುಗಿಸಿ ಬಂಡೀಪುರಕ್ಕೋ ಊಟಿಗೋ ಹೋಗುವವರು. ಇಲ್ಲವೇ ಕೇರಳದಿಂದ ಬಂದು ಸೂರ್ಯಕಾಂತಿ ಹೊಲದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಮರಳುವವರು. ಒಂದು ರಾತ್ರಿ ಮಲಗುತ್ತಾರೆ, ಎದ್ದು ಹೋಗುತ್ತಾರೆ. ಅವರು ಹೋದ ಮೇಲೆ ಮಂಗಮ್ಮ ಒಳಗೆ ಹೋಗುತ್ತಾಳೆ. ಹಾಸಿಗೆಯ ಸುಕ್ಕು ನೋಡಿಯೇ ಯಾರಿಗೆ ನಿದ್ದೆ ಬಂತು, ಯಾರಿಗೆ ಬರಲಿಲ್ಲ ಎಂದು ಹೇಳಬಲ್ಲಳು. ಮಂಚದ ಕೆಳಗೆ ಮರೆತುಹೋದ ಕಾಲುಚೀಲದ ಅಡಿ ಮಣ್ಣಾಗಿದ್ದರೆ, "ಇವ್ರು ಅರಮನ ನೋಡ್ಕಂಡು ಬಂದವ್ರ. ಅಲ್ಲಿ ಚಪ್ಪಲಿ ಬೂಟು ಎಲ್ಲ ಬುಡುಸ್ತರ" ಎನ್ನುತ್ತಾಳೆ. ಅವಳು ಅರಮನೆಯೊಳಗೆ ಕಾಲಿಟ್ಟವಳಲ್ಲ.

ಕಸದಬುಟ್ಟಿಯಲ್ಲಿ ಸಿಕ್ಕಿದ್ದರಲ್ಲಿ ಕೆಲವನ್ನು ಅವಳು ಎಸೆಯಲಿಲ್ಲ. ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಅರಮನೆಯ ಹರಿದ ಟಿಕೆಟ್ಟುಗಳಿದ್ದವು. ಮೃಗಾಲಯದ ನಕ್ಷೆಯೊಂದಿತ್ತು; ಅದರಲ್ಲಿ ಯಾವುದೋ ಮಗು ಜಿರಾಫೆಗೆ ಮೀಸೆ ಬರೆದಿತ್ತು. ಮೈಸೂರಿನ ಲಾಡ್ಜೊಂದರ ಕಾರ್ಡು ಇತ್ತು. ಬಾವಿಕಟ್ಟೆಯಲ್ಲಿ ನೀರು ಸೇದುವವರು ಆಳವನ್ನು ಹಗ್ಗದಿಂದ ತಿಳಿಯುವ ಹಾಗೆ, ಅವಳು ಆ ಊರನ್ನು ಈ ಚೂರುಗಳಿಂದ ತಿಳಿದುಕೊಂಡಿದ್ದಳು.

ಹಾಗೆಂದು ಮೈಸೂರಿಗೆ ಹೋಗದವಳೇನಲ್ಲ. ಒಂಬತ್ತು ವರ್ಷ, ತಿಂಗಳಿಗೆ ಎರಡು ಸಲ, ಸಕ್ಕರೆ ಕಾಯಿಲೆಯ ಅತ್ತೆ ಮಂಚಮ್ಮನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾಳೆ. ಬಸ್ಸಿಳಿದರೆ ಆಸ್ಪತ್ರೆ, ಆಸ್ಪತ್ರೆ ಮುಗಿದರೆ ಬಸ್ಸು. ಒಮ್ಮೆ ಅತ್ತೆಯನ್ನು ಹನ್ನೊಂದು ದಿನ ಒಳಗೆ ಸೇರಿಸಿಕೊಂಡಿದ್ದರು. ಮಂಗಮ್ಮ ಮಂಚದ ಪಕ್ಕ ಚಾಪೆಯ ಮೇಲೆ ಮಲಗುತ್ತಿದ್ದಳು. ಅದರಲ್ಲೊಂದು ಭಾನುವಾರದ ಸಂಜೆ ಔಷಧಿ ಸಾಲಿನಲ್ಲಿ ನಿಂತಿದ್ದಾಗ, ಕಟ್ಟಡಗಳ ಆಚೆಯಿಂದ ಸಾವಿರ ಗಂಟಲು ಒಟ್ಟಿಗೆ "ಓ..." ಎಂದವು. ಹೆದರಿ ಮುಂದಿದ್ದವಳನ್ನು ಕೇಳಿದಳು, "ಏನಾಯ್ತವ್ವ?"

"ಏನಿಲ್ಲ, ಅರಮನೆ ದೀಪ ಹತ್ತುಸುದ್ರು."

ಆಕಾಶದ ಒಂದು ಅಂಚು ಹಳದಿಯಾದಂತೆ ಕಂಡಿತಂತೆ. ಅಷ್ಟರಲ್ಲಿ ಸಾಲು ಮುಂದಕ್ಕೆ ಸರಿಯಿತು, ಅವಳೂ ಸರಿದಳು.

ಹೋದ ಶಿವರಾತ್ರಿಯ ಹೊತ್ತಿಗೆ ಮಂಚಮ್ಮ ತೀರಿಕೊಂಡಳು. ತಿಥಿ ಮುಗಿದ ಮೇಲೆ, ಮಂಗಮ್ಮನಿಗೆ ಮೈಸೂರಿಗೆ ಹೋಗಲು ಕಾರಣವೇ ಇಲ್ಲದಂತಾಯಿತು. ಬಸ್ ನಿಲ್ದಾಣದ ಕೂಗು ಮಾತ್ರ ನಿಲ್ಲಲಿಲ್ಲ.

ಲಾಡ್ಜಿನಲ್ಲಿ ಬಟ್ಟೆ ಒಗೆಯುವವಳು ಆಮಿನಾ. ಹದಿನೈದು ವರ್ಷದಿಂದ ಇಬ್ಬರೂ ಎದುರುಬದುರು ನಿಂತು ಒಂದೇ ಬೆಡ್‌ಶೀಟಿನ ಎರಡೆರಡು ತುದಿ ಹಿಡಿದು ಮಡಿಸುತ್ತ ಬಂದವರು. ಒಂದು ದಿನ ತಾರಸಿಯ ಮೇಲೆ ಹಾಗೇ ಮಡಿಸುತ್ತಿದ್ದಾಗ ಮಂಗಮ್ಮ ಹೇಳಿದಳು:

"ಆಮಿನಾ, ಮೈಸೂರ್ಗ ಓಗನ. ಒಂದ್ವಾರ."

"ಯಾ ಅಲ್ಲಾ! ಯಾರ್ಗೆ ಏನಾಯ್ತು?"

"ಯಾರ್ಗೂ ಏನೂ ಆಗಿಲ್ಲ ಕಣ. ಸುಮ್ನ."

"ಸುಮ್ನೆ ಯಾರಾದ್ರೂ ಮೈಸೂರ್ಗೆ ಹೋಗ್ತಾರಾ?"

"ಓಯ್ತರಲ್ಲ. ಅವ್ರ ಬೆಡ್‌ಸೀಟ್ನೇ ಅಲ್ವ ನೀನು ದಿನಾ ಒಗಿಯದು?"

ಆಮಿನಾ ಯೋಚಿಸಿದಳು. "ಎಲ್ಲಿ ಮಲ್ಗೋದು?"

"ಲಾಡ್ಜಲ್ಲಿ."

ಆಮಿನಾಳ ಬಾಯಲ್ಲಿ ಕಚ್ಚಿಕೊಂಡಿದ್ದ ಬಟ್ಟೆ ಕ್ಲಿಪ್ಪು ಕೆಳಗೆ ಬಿತ್ತು. "ಮಂಡಿ ಮೊಹಲ್ಲಾದಲ್ಲಿ ನಮ್ಮ ಖಾಲಾ, ಅಮ್ಮನ ತಂಗಿ, ಅವ್ರೆ. ಗೊತ್ತಾದ್ರೆ ಸಾಯೋತನಕ ಮಾತಾಡ್ಸಲ್ಲ."

"ನಂಗೂ ನಾದಿನಿ ಅವ್ಳೆ. ಅದ್ಕೇ ಯಾರ್ಗೂ ಏಳ್ಬ್ಯಾಡ."

ನೆಂಟರಿರುವ ಊರಿಗೆ ಹೋಗಿ ಲಾಡ್ಜಿನಲ್ಲಿ ಇಳಿಯುವುದೆಂದರೆ, ನಮ್ಮ ಕಡೆ ಅದು ಬಾಗಿಲಿಗೆ ಬಂದು ಬೆನ್ನು ತೋರಿಸಿದ ಹಾಗೆ. ನೆಂಟರ ಮನೆಗೆ ಹೋದರೋ, ಸೊಪ್ಪು ಬಿಡಿಸಬೇಕು, ಪಾತ್ರೆ ತೊಳೆಯಬೇಕು. ಅವರು "ಬ್ಯಾಡ ಬುಡಿ" ಎಂದಷ್ಟೂ ಮಾಡಬೇಕು. ಅರಮನೆಯನ್ನು "ನಾಳೆ ತೋರುಸ್ತೀವಿ" ಎನ್ನುತ್ತಾರೆ. ಆ ನಾಳೆ ಬರುವಷ್ಟರಲ್ಲಿ ಊರಿಗೆ ಹೊರಡುವ ದಿನ ಬಂದಿರುತ್ತದೆ. ಮಂಗಮ್ಮನಿಗೆ ಬೇಕಾಗಿದ್ದದ್ದು ಆ ಊರಿನಲ್ಲಿ ಯಾರಿಗೂ ಸೊಸೆ, ಅತ್ತಿಗೆ, ಏನೂ ಆಗಿರದೆ ಇರುವುದು. ಬೇರೆ ಯಾರೋ ಹಾಸಿದ ಹಾಸಿಗೆಯ ಮೇಲೆ ಮಲಗುವುದು.

ಮಂಗಮ್ಮನ ಮನೆಯಿಂದ ಮೂರನೆಯ ಮನೆ ನಮ್ಮದು. ಒಂದು ಸಂಜೆ ಕಾಲೇಜು ಮುಗಿಸಿ ಬಂದ ನನ್ನನ್ನು ಕರೆದು, ಆಮಿನಾಳ ಪಕ್ಕ ಕೂರಿಸಿ, ಡಬ್ಬಿಯನ್ನು ನೆಲಕ್ಕೆ ಸುರಿದು, "ಬರಿ ಕೂಸು" ಎಂದಳು. ಮೊದಲ ದಿನ ಅರಮನೆ. ಸಂಜೆ ದೀಪ, ಅದಕ್ಕೇ ಹೊರಡುವುದು ಭಾನುವಾರ. ಎರಡನೆಯ ದಿನ ಚಾಮುಂಡಿ ಬೆಟ್ಟ, ಮೆಟ್ಟಿಲು ಹತ್ತಿಕೊಂಡು. ಆಮಿನಾ ತನಗೆ ಮಂಡಿ ನೋವೆಂದಳು. ಹಾಗಾದರೆ ಅವಳು ಬಸ್ಸಿನಲ್ಲಿ ಬರಲಿ, ಮೇಲೆ ಸಿಗೋಣವೆಂದು ತೀರ್ಮಾನವಾಯಿತು. ಶ್ರೀರಂಗಪಟ್ಟಣ ಆಮಿನಾಗೆ ಬೇಕೇ ಬೇಕು. ಮೃಗಾಲಯದಲ್ಲಿ ಜಿರಾಫೆಯನ್ನು ನೋಡಿ ಆ ಮಗು ಬರೆದ ಮೀಸೆ ಒಪ್ಪುತ್ತದೋ ಇಲ್ಲವೋ ನೋಡಬೇಕು.

"ಮೂರನೇ ದಿನ ಬಿಟ್ಟೋಯ್ತು ಅತ್ತೆ."

"ಮೂರನೇ ದಿನ ಏನೂ ಬ್ಯಾಡ."

"ಏನೂ ಬೇಡ ಅಂದ್ರೆ ಏನ್ ಬರೀಲಿ?"

"ಏನೂ ಬ್ಯಾಡ ಅಂತ್ಲೇ ಬರಿ. ರೂಮಲ್ಲೇ ಇರದು. ಹತ್ತು ಗಂಟಗ ಬಾಗ್ಲು ತಟ್ಟಿ ರೂಮ್ ಕಿಲೀನ್ ಮಾಡ್ಬೇಕಾ ಅಂತರಲ್ಲ, ಆಗ ಬಾಗ್ಲು ತಗ್ದು, ಬ್ಯಾಡ ಕಣವ್ವ, ನೀನೂ ಬಾ, ಒಸಿ ಕೂತ್ಕ ಅಂತಿನಿ."

"ಇನ್ನೂ ಎಂಟು ರೂಮಿದೆ, ಇವ್ಳೊಬ್ಳು ಅಂತ ಬೈತಾಳೆ ಅಷ್ಟೇ" ಎಂದಳು ಆಮಿನಾ.

"ಬಯ್ಲಿ. ನಂಗ ಯಾರಾರ ಅಂಗಂದಿದ್ರ ನಾನೂ ಬಯ್ತಿದ್ದಿ."

ಡಬ್ಬಿಯ ಲಾಡ್ಜಿನ ಕಾರ್ಡಿನಲ್ಲಿದ್ದ ನಂಬರಿಗೆ ನಾನು ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ. ಅವಳು ನಿಂತುಕೊಂಡೇ ಮಾತಾಡಿದಳು. ಶೀಟು ದಿನಾ ಬದಲಾಯಿಸುತ್ತೀರಾ, ದಿಂಬಿನ ಗೌಸು ಬಿಳಿಯದೋ ಬಣ್ಣದ್ದೋ, ಕಾಲಿನ ಕಡೆ ಬಿಗಿಯಾಗಿ ಒಳಗೆ ಸೇರಿಸುತ್ತೀರಾ? ಆ ಕಡೆಯವನಿಗೆ ತಾಳ್ಮೆ ತಪ್ಪಿತು. "ಅಮ್ಮಾ, ನೀವು ರೂಮ್ ಕೇಳ್ತಿದ್ದೀರೋ, ಕೆಲಸ ಕೇಳ್ತಿದ್ದೀರೋ?"

"ರೂಮು" ಎಂದಳು ಮಂಗಮ್ಮ. ಆ ಒಂದು ಪದವನ್ನು ಅವಳು ಹೇಳಿದ ರೀತಿ ನನ್ನ ಕಿವಿಯಲ್ಲಿ ಇನ್ನೂ ಇದೆ.

ಗಂಡ ಮೂಗಯ್ಯನಿಗೆ ಹೇಳಲೇಬೇಕಾಯಿತು. ಅವನಿಗೆ ಪುರಸಭೆಯಲ್ಲಿ ಬೀದಿಗಳಿಗೆ ನೀರು ಬಿಡುವ ಕೆಲಸ. ಇಡೀ ಪೇಟೆಗೆ ಯಾವ ದಿನ ಯಾವ ನಲ್ಲಿಯಲ್ಲಿ ನೀರು ಎಂಬುದು ಅವನಿಗೆ ಬಾಯಿಪಾಠ. ಬಾಯಿ ಮಾತ್ರ ಮುಚ್ಚಲು ಬಾರದ ನಲ್ಲಿ.

"ಮೈಸೂರ್ಗ ಒಂದ್ವಾರನಾ? ಬೆಳಗ್ಗ ಓದ್ರ ಸಂಜಕ ಬರದಪ್ಪ! ಬಸ್ಸು ಫ್ರೀ ಅಂದ್ಬುಟ್ಟು ಮೈಸೂರೇ ಫ್ರೀ ಅನ್ಕಂಡಿದ್ದಯ?"

"ನಂಗ ಬರ ಭಕ್ಷೀಸು ಕೂಡಾಕಿವ್ನಿ."

"ಎಂಗ್ಸು ಲಾಡ್ಜಲ್ಲಿ ಮಲಗದು ಅಂದ್ರ ಜನ ಏನಂದರು?"

"ಇಪ್ಪತ್ತೆರಡು ವರ್ಸದಿಂದ ಲಾಡ್ಜಲ್ಲೇ ಇವ್ನಲ್ಲ. ಜನ ಏನಂದವ್ರ?"

ಮೂಗಯ್ಯ ನಕ್ಕುಬಿಟ್ಟ. ನಗು ಬಂದ ಮೇಲೆ ಅವನಿಗೆ ಬೇಡವೆನ್ನಲು ಬರುವುದಿಲ್ಲ. "ನಿಮ್ಮ ತಂಗಿಗ ಮಾತ್ರ ಏಳ್ಬ್ಯಾಡಿ" ಎಂದು ಮಂಗಮ್ಮ ಎರಡು ಸಲ ಹೇಳಿದಳು.

ಲಾಡ್ಜಿನ ಮ್ಯಾನೇಜರ್ ಗಿರೀಶ್ ಒಳ್ಳೆಯವನೇ. ಆದರೆ ಅದು ಓಣಂ ಹಬ್ಬಕ್ಕೆ ಮುಂಚಿನ ಹೂವಿನ ಕಾಲ. ಹೊಲಗಳೆಲ್ಲ ಚೆಂಡುಹೂ, ಸೂರ್ಯಕಾಂತಿ, ರಸ್ತೆಯುದ್ದಕ್ಕೂ ಕೇರಳದ ಕಾರು. "ಒಬ್ರು ಹೋಗಿ ಬನ್ನಿ ಮಂಗಮ್ಮ, ಏಳು ದಿನ ನಾನು ಹೇಗೋ ನೋಡ್ಕೋತೀನಿ. ಇಬ್ರೂ ಹೋದ್ರೆ ನಾನೇ ಒಗೀಬೇಕಾಗುತ್ತೆ" ಎಂದ. ಆಮಿನಾ ಒಗೆಯುವ ಕಲ್ಲಿನ ಮೇಲೆ ಬಟ್ಟೆಯನ್ನು ಎಂದಿಗಿಂತ ಜೋರಾಗಿ ಬಡಿದಳು. ಸಂಜೆ ಬಂದು, "ನೀ ಹೋಗು. ಶ್ರೀರಂಗಪಟ್ಣ ಹೊಡ್ದಾಕು, ಅದು ನನ್ದು. ನೀನೊಬ್ಳೇ ನೋಡ್ಕೂಡ್ದು" ಎಂದಳು. ನಾನು ಆ ಸಾಲನ್ನು ಹೊಡೆದು ಹಾಕಿದೆ.

ಹೊರಡುವುದಕ್ಕೆ ನಾಲ್ಕು ದಿನವಿತ್ತು. ಫೋನು ಬಂತು. ಮೂಗಯ್ಯನ ತಂಗಿ ಚಿಕ್ಕತಾಯಮ್ಮ, ಮೈಸೂರಿನಿಂದ. ಮೂಗಯ್ಯ ಆಗಲೇ ಚಪ್ಪಲಿ ಹುಡುಕುತ್ತ ಹೊರಗೆ ಜಾರಿದ್ದ; ಹೇಳಿದವರು ಯಾರೆಂದು ಕೇಳುವ ಅಗತ್ಯವೇ ಉಳಿಯಲಿಲ್ಲ.

"ಏನತ್ತಿಗಾ, ಲಾಡ್ಜಂತ? ನಮ್ಮನಲಿ ಆವು ಚೇಳು ಏನಾರ ಅವಾ?"

"ಅಂಗಲ್ಲ ಕಣ ಚಿಕ್ಕತಾಯಿ..."

"ಇನ್ನೆಂಗ? ನಮ್ಮವ್ವುನ್ನ ನೀನು ಒಂಬತ್ತು ವರ್ಸ ನೋಡ್ದ. ನಾನು ಬುತ್ತಿ ತಂದ್ಕೊಟ್ಟು ಓಯ್ತಿದ್ದಿ ಅಷ್ಟೇಯ. ಅದು ನಿನ್ನ ಮನಸ್ಸಲಿ ಅದ, ನಂಗೊತ್ತು."

"ಇಲ್ಲ ಕಣ, ದೇವ್ರಾಣೆ."

ಚಿಕ್ಕತಾಯಮ್ಮನ ದನಿ ಬೇರೆಯಾಯಿತು. "ಮಗಳು ಎತ್ತು ಇಪ್ಪತ್ತು ದಿನ ಆಯ್ತು. ಕೂಸುಗ ನೀರಾಕವ ಅಂದ್ರ ನಂಗ ಸೊಂಟ ಬಗ್ಗಲ್ಲ. ಬಾಣಂತಿನೂ ನಿದ್ದಗೆಟ್ಟು ಅಳ್ತ ಕೂತಳ. ನೀನು ಒಂದ್ವಾರ ನೀರಾಕುದ್ರ ಕೂಸು ಗಟ್ಟಿಯಾದದು. ಎಂಗೂ ರಜ ಆಕಿದ್ದಯಲ್ಲ ಅತ್ತಿಗಾ."

ನಮ್ಮ ಓಣಿಯ ಅರ್ಧ ಮಕ್ಕಳು ಮಂಗಮ್ಮನ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡವರು. ನಾನೂ ಅವರಲ್ಲೊಬ್ಬಳು. ಅವಳ ಕೈಯಲ್ಲಿ ಮಗು ಅಳುವುದಿಲ್ಲವೆಂಬ ಮಾತಿದೆ.

"ಬತ್ತಿನಿ ಬುಡು" ಎಂದಳು.

ಫೋನು ಇಟ್ಟ ಮೇಲೆ ಪಟ್ಟಿಯನ್ನು ಹಿಡಿದು ನಮ್ಮ ಮನೆಗೆ ಬಂದಳು. "ಒಡ್ದಾಕು ಕೂಸು" ಎಂದು ಒಂದೊಂದಾಗಿ ಹೇಳಿದಳು. ಬೆಟ್ಟ. ಜಿರಾಫೆ. ಕಾರಂಜಿ ಕೆರೆ. ಬರೀ ನೋಡಿ ಬರಬೇಕೆಂದಿದ್ದ ಹೂವಿನ ಮಾರುಕಟ್ಟೆ. ಪೆನ್ನು ಮೂರನೆಯ ದಿನಕ್ಕೆ ಬಂದಾಗ ಕಾಗದದ ಮೇಲೆ ಬೆರಳಿಟ್ಟಳು. ಫಿನಾಯಿಲಿನಲ್ಲಿ ನೆಂದು ಬಿಳಿಚಿದ ಬೆರಳು.

"ಅದಿರ್ಲಿ."

"ಬಾಣಂತಿ ಮನೇಲಿ ಏನೂ ಬೇಡ ಅಂತ ಹೇಗಿರ್ತೀಯ ಅತ್ತೆ?"

"ಅದ ಮ್ಯಾಕ ಬರಿ. ಭಾನುವಾರದ ಸಾಲ್ಗ. ದೀಪದ ಕೆಳಕ."

ಬರೆದೆ. ಅವಳು ಅದನ್ನು ನಿಧಾನವಾಗಿ ಓದಿಕೊಂಡು, ನಾಲ್ಕಾಗಿ ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಬಳಿಕ ಮತ್ತೊಮ್ಮೆ ಆ ಲಾಡ್ಜಿಗೆ ಫೋನು ಹಚ್ಚಿಸಿದಳು. ಈ ಸಲ ಶೀಟಿನ ವಿಷಯ ಕೇಳಲಿಲ್ಲ. "ಒಂದೇ ದಿನ" ಎಂದಳು. ಮೂಗಯ್ಯನಿಗೆ ಇದನ್ನು ಹೇಳಲಿಲ್ಲ. ಅವನಿಗೆ ಹೇಳಿದರೆ ಏನಾಗುತ್ತದೆಂದು ಈಗ ತಿಳಿದಿತ್ತು.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಾವೆಲ್ಲ ಬಸ್ ನಿಲ್ದಾಣದಲ್ಲಿದ್ದೆವು. ಮಂಗಮ್ಮ ಅಂಚಿನಲ್ಲಿ ಹಸಿರು ಪಟ್ಟಿಯಿದ್ದ ಸೀರೆ ಉಟ್ಟಿದ್ದಳು, ಹೂ ಮುಡಿದಿದ್ದಳು. ಆಸ್ಪತ್ರೆಗೆ ಹೋಗುವಾಗ ಅವಳು ಎಂದೂ ಹೂ ಮುಡಿದದ್ದನ್ನು ನಾನು ನೋಡಿರಲಿಲ್ಲ. ಮೂಗಯ್ಯ ತಂಗಿಯ ಮನೆಗೆಂದು ರಾಗಿ ಹಿಟ್ಟು, ಬೆಳ್ಳುಳ್ಳಿ, ಮೆಣಸು, ಹರಳೆಣ್ಣೆ ತುಂಬಿದ ಚೀಲ ಹೊತ್ತು ತಂದಿದ್ದ. ತಪ್ಪು ಮಾಡಿದವನ ಹಾಗೆ ಅದನ್ನು ಯಾರಿಗೂ ಹೊರಲು ಬಿಡುತ್ತಿರಲಿಲ್ಲ.

ಆಮಿನಾ ಕೆಲಸದ ನಡುವೆ, ತೋಳು ಒದ್ದೆಯಾಗಿದ್ದ ಹಾಗೆಯೇ ಓಡಿ ಬಂದಳು. ಮಂಗಮ್ಮನನ್ನು ಪಕ್ಕಕ್ಕೆ ಎಳೆದು ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

"ಹಾಸಿಗೆ ಸರಿಯಾಗಿಲ್ಲ ಅಂದ್ರೆ ಜಗಳ ಆಡು. ನಮ್ ತಾವ ಎಲ್ರೂ ಆಡ್ತಾರಲ್ಲ, ಹಂಗೇ. ಬೆಳಗ್ಗೆ ಎದ್ದು ನೀನೇ ಶೀಟ್ ಮಡಿಸಿಟ್ಟು ಬಂದ್ಬಿಟ್ಟೀಯಾ ಮತ್ತೆ!"

"ಇಲ್ಲ ಕಣ" ಎಂದಳು ಮಂಗಮ್ಮ. ಆದರೆ ಅವಳ ಕೈಗಳು ಮಾತಿನ ನಡುವೆಯೇ ಆಮಿನಾಳ ದುಪಟ್ಟಾದ ತುದಿಯನ್ನು ಹಿಡಿದು, ಅಂಚಿಗೆ ಅಂಚು ಸೇರಿಸಿ ಮಡಿಸುತ್ತಿದ್ದವು.

ಬಸ್ಸು ಬಂತು. ಮೂಗಯ್ಯ ಚೀಲ ಕೊಡುತ್ತ ಹೇಳಿದ, "ಚಿಕ್ಕತಾಯಿ ಅಳಿಯನ್ನ ಕಳಿಸ್ತಳಂತ. ಐದು ಗಂಟಗ ಸ್ಟ್ಯಾಂಡ್ಲೇ ನಿಂತಿರ್ತನಂತ. ಅವನ ಬೈಕ್ಲಿ ಸೀದಾ ಮನಗ ಓಗು."

ಮಂಗಮ್ಮ ಚೀಲಕ್ಕೆ ಚಾಚಿದ ಕೈಯನ್ನು ಅಲ್ಲೇ ನಿಲ್ಲಿಸಿದಳು.

"ಬರದ್ಬ್ಯಾಡ ಅಂತ ಫೋನ್ ಮಾಡ್ಬುಡಿ. ನಾಳ ಬೆಳಗ್ಗ ಕೂಸುಗ ನೀರಾಕ ಹೊತ್ಗ ನಾನೇ ಓಯ್ತಿನಿ. ನಂಗ ದಾರಿ ಗೊತ್ತು."

"ನಾಳನಾ? ಮತ್ತ ಇವತ್ತು?"

"ಮೈಸೂರ್, ಮೈಸೂರ್, ಮೈಸೂ...ರ್!" ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಮಂಗಮ್ಮ ಒಮ್ಮೆ ಕುಪ್ಪಸದ ಮೇಲೆ ಕೈಯಿಟ್ಟು ಕಾಗದ ಇದೆಯೆಂದು ನೋಡಿಕೊಂಡಳು.

"ಇವತ್ತು ಸಂಜಕ ಅರಮನ ದೀಪ ಹತ್ತುಸ್ತರಲ್ಲ, ಅದ ಎದುರ್ಗ ನಿಂತ್ಕಂಡು ನೋಡ್ಬುಟ್ಟು, ಅಲ್ಲಿಂದ ನಾನು ಸೀದಾ..." ಎನ್ನುತ್ತಲೇ ಮಂಗಮ್ಮ ಚೀಲವನ್ನು ಗಂಡನ ಕೈಯಿಂದ ತೆಗೆದುಕೊಂಡು, ಕಂಕುಳಿಗೆ ಏರಿಸಿಕೊಂಡು, ಆ ಕೂಗಿನ ಕಡೆಗೆ ನಡೆದಳು.