ನಾಲಿಗೆ ಕೆಳಗಿನ ಹತ್ತು ನಿಮಿಷ

ನರ್ಸಕ್ಕ ಹುಟ್ಟಿದಾಗ ಅಳಲು ತೆರೆದ ಬಾಯನ್ನು ಇನ್ನೂ ಮುಚ್ಚಿರಲಿಲ್ಲ. ಆರೋಗ್ಯ ಕೇಂದ್ರದ ಮೂರನೇ ಕೋಣೆಯಲ್ಲಿ ಅವಳು ಮಾತಿಗಿಳಿದರೆ ಗೋಡೆಯ ಹಲ್ಲಿ ನೊಣ ಬಿಟ್ಟು ಕಿವಿಗೊಡುತ್ತಿತ್ತು. ಕತೆಯ ನಡುವೆ ಕೆಮ್ಮಬಾರದೆಂದು ತಡೆಹಿಡಿದು, ಹಾಗೇ ಕೆಮ್ಮು ವಾಸಿಯಾದ ರೋಗಿಗಳೂ ಇದ್ದರು.

ಅಂಥವಳಿಗೆ ಡಾಕ್ಟರಮ್ಮ ಹೊಸ ಕೆಲಸ ಹಚ್ಚಿದರು. "ಮಾದಕ ಪುಡಿಯ ಚಟ ಹತ್ತಿದವರನ್ನ ಇನ್ನು ದೊಡ್ಡಾಸ್ಪತ್ರೆಗೆ ಅಟ್ಟೋದು ಬೇಡ. ಬಿಪಿ, ಸಕ್ಕರೆ ಕಾಯಿಲೆಯವರ ಜೊತೆ ಅದೇ ಬೆಂಚಲ್ಲಿ ಕೂರಲಿ. ನಾನು ನೋಡ್ತೀನಿ, ಕಾಂಪೌಂಡರ್ ಚಟ ಬಿಡಿಸೋ ಗುಳಿಗೆ ಕೊಡ್ತಾರೆ, ಅದು ನಾಲಿಗೆ ಕೆಳಗೆ ಕರಗೋತನಕ ನೀವು ಎದುರಿಗೆ ಕೂತ್ಕೊಳ್ಳಿ. ಹತ್ತು ನಿಮಿಷ. ಮಾತಾಡೋ ಹಾಗಿಲ್ಲ."

"ಅಯ್ಯೋ, ನಾನಾ?"

"ನೀವಲ್ಲ, ರೋಗಿ."

"ಹಾಗೆ ಹೇಳಿ!"

ಮೊದಲು ಬಂದವನು ಮೂಲೆ ಅಂಗಡಿಯ ಕ್ಷೌರಿಕ. ಮಾತಿನಲ್ಲಿ ಅವನೇನು ಕಮ್ಮಿಯಲ್ಲ. ಪುಡಿಯ ಸಹವಾಸದಿಂದ ಕೈ ನಡುಗಿ ಗಿರಾಕಿಯೊಬ್ಬರ ಅರ್ಧ ಮೀಸೆ ಹಾರಿದ ದಿನವೇ ಅವನ ಅಕ್ಕ ಕತ್ತಿಪೆಟ್ಟಿಗೆಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಡಾಕ್ಟರಮ್ಮ ಸರಿ ಅನ್ನುವವರೆಗೆ ಅಂಗಡಿಯಿಲ್ಲ. ದೊಡ್ಡಾಸ್ಪತ್ರೆಗೆ ಎರಡು ಸಲ ಸೇರಿದ್ದ, ಎರಡು ಸಲವೂ ನಾಲ್ಕನೇ ದಿನಕ್ಕೆ ಪರಾರಿ. ಈ ಸಲವಾದರೂ ನಾಲ್ಕನೇ ದಿನ ದಾಟಿಯಾನೇ ಎಂಬುದೊಂದೇ ನರ್ಸಕ್ಕನ ಚಿಂತೆ.

ಮೂರನೇ ದಿನ ಅವನು ಗುಳಿಗೆ ಹಿಡಿದು ಗೊಣಗಿದ: "ನಾಳೆಯಿಂದ ಬರಲ್ಲ ನರ್ಸಕ್ಕಾ. ನನ್ನ ಕೈಲಾಗಲ್ಲ."

"ಆಯ್ತು ತಮ್ಮಾ, ಇವತ್ತಿನದು ನಾಲಿಗೆ ಕೆಳಗೆ ಇಟ್ಕೋ," ಎಂದು ಅವಳು ಕತೆ ಶುರು ಮಾಡಿದಳು. "ನಮ್ಮ ತವರಲ್ಲೊಬ್ಬ ಕ್ಷೌರಿಕ ಇದ್ದ. ಓಡೋ ಮೊಲಕ್ಕೆ ಓಡ್ತಾನೇ ಕ್ಷೌರ ಮಾಡ್ತಿದ್ದ. ಮೊಲಕ್ಕೆ ಗೊತ್ತಾಗ್ತಿದ್ದದ್ದು ಚಳಿಗಾಲ ಬಂದಾಗ! ನೀವೆಲ್ಲ ಅವನ ಮುಂದೆ..."

"ಸುಳ್ಳು!" ಎಂದ ಕ್ಷೌರಿಕ. ಬಾಯಿಂದ ಗುಳಿಗೆ ಟಣ್ಣನೆ ನೆಲಕ್ಕೆ ಬಿತ್ತು.

ಡಾಕ್ಟರಮ್ಮ ಓಡಿ ಬಂದರು. "ಔಷಧಿ ಕೊಡಿ ಅಂದ್ರೆ ಜಗಳ ಕೊಟ್ಟಿದ್ದೀರಲ್ಲ!"

ಬೇರೆ ಗುಳಿಗೆ ಬಂತು. ಕ್ಷೌರಿಕ ಹಲ್ಲು ಕಚ್ಚಿ ಕೂತ. ಹತ್ತನೇ ನಿಮಿಷಕ್ಕೆ ಸರಿಯಾಗಿ ನರ್ಸಕ್ಕ ಎದ್ದಳು. "ಮಿಕ್ಕಿದ್ದು ನಾಳೆ. ಆಚೆ ಬಿಪಿಯವರು ಕಾಯ್ತಿದ್ದಾರೆ."

"ನನ್ನ ಉತ್ತರ?"

"ಅದೂ ನಾಳೆ."

ನಾಲ್ಕನೇ ದಿನ ನರ್ಸಕ್ಕ ಬಂದಾಗ, ಬಾಗಿಲು ತೆಗೆಯುವ ಮೊದಲೇ ಕ್ಷೌರಿಕ ಮೆಟ್ಟಿಲ ಮೇಲಿದ್ದ. ರಾತ್ರಿಯೆಲ್ಲ ಉತ್ತರ ಹೊಸೆದಿದ್ದ. ಗುಳಿಗೆ ಕರಗಿದ್ದೇ ತಡ ಶುರುವಿಟ್ಟುಕೊಂಡ: "ನಮ್ಮಜ್ಜ ಕರಡಿಗೆ ಕ್ಷೌರ ಮಾಡಿದ್ರೆ ಅದರ ಹೆಂಡತಿನೇ ಗುರುತು ಸಿಗದೆ ಮನೆಯೊಳಗೆ ಬಿಟ್ಕೊಳ್ತಿರಲಿಲ್ಲ, ಗೊತ್ತಾ?"

ಅಂದಿನಿಂದ ದಿನಕ್ಕೊಂದು ಮೊಲ, ದಿನಕ್ಕೊಂದು ಕರಡಿ. ಬೆಂಚಿನ ಅಜ್ಜಿಯರು ಕಾಯಿಲೆಯಿಲ್ಲದ ದಿನವೂ ಚೀಟಿ ಮಾಡಿಸಿ ಬಂದು ಕೂರತೊಡಗಿದರು.

ಐದನೇ ವಾರ ಒಂದು ದಿನ ಅವನು ಬರಲಿಲ್ಲ. ನರ್ಸಕ್ಕನ ಬಾಯಿಂದ ಇಡೀ ಬೆಳಗ್ಗೆ ಒಂದು ಕತೆಯೂ ಹೊರಡಲಿಲ್ಲ. ಕಾಂಪೌಂಡರ್ ಗಾಬರಿಯಾಗಿ ಅವಳ ಬಿಪಿ ನೋಡಿದ. ಮರುದಿನ ಕ್ಷೌರಿಕ ತಲೆ ತಗ್ಗಿಸಿ ಬಂದ. "ಎಡವಿದೆ ಡಾಕ್ಟರಮ್ಮಾ."

"ಬಿಪಿಯವರು ಉಪ್ಪು ಜಾಸ್ತಿ ತಿಂದು ಬಂದ್ರೆ ಓಡಿಸ್ತೀನಾ? ಬಾ, ಪರೀಕ್ಷೆ ಮಾಡ್ತೀನಿ. ಆಮೇಲೆ ಗುಳಿಗೆ."

ಮೂರನೇ ತಿಂಗಳು ಕ್ಷೌರಿಕನ ಅಕ್ಕ ಕತ್ತಿಪೆಟ್ಟಿಗೆ ಹೊತ್ತುಕೊಂಡೇ ಬಂದಳು. ಡಾಕ್ಟರಮ್ಮ ಅವನ ಕೈ ಚಾಚಿಸಿ, ಮೇಲೊಂದು ಕಾಗದ ಇಟ್ಟರು. ಕಾಗದ ಅಲುಗಲಿಲ್ಲ.

"ನನ್ನ ಕಡೆಯಿಂದ ಸರಿ. ಗುಳಿಗೆ ಮಾತ್ರ ಬಿಡೋ ಹಾಗಿಲ್ಲ. ಈಗ ಮೊದಲ ಗಲ್ಲ ಯಾರದು?"

ಬೆಂಚಿನ ಗಂಡಸರೆಲ್ಲ ಒಟ್ಟಿಗೆ ಗಲ್ಲ ಮುಚ್ಚಿಕೊಂಡರು. ನರ್ಸಕ್ಕ ಸುತ್ತ ನೋಡಿ ಕಾಂಪೌಂಡರನನ್ನು ಕುರ್ಚಿಗೆ ದಬ್ಬಿದಳು. ಇಪ್ಪತ್ತು ವರ್ಷದ ಗಡ್ಡ ಅವನದು. ಅದರೊಳಗೆ ಕಳೆದುಹೋದ ಪೆನ್ನುಗಳಲ್ಲಿ ಒಂದು ಶಾಲೆ ನಡೆಸಬಹುದಿತ್ತು.

"ನರ್ಸಕ್ಕಾ, ನನಗೆ ಹೆಂಡತಿ ಮಕ್ಕಳಿದ್ದಾರೆ!"

"ನಿಮ್ಮ ಮುಖ ಹೇಗಿದೆ ಅಂತ ಅವರೂ ಒಮ್ಮೆ ನೋಡ್ಲಿ, ಕೂತ್ಕೊಳ್ಳಿ."

ಅಕ್ಕ ಕೀಲಿ ತಿರುಗಿಸಿದಳು. ಕ್ಷೌರಿಕ ನೊರೆ ಹಚ್ಚಿ, ಕತ್ತಿ ಬಿಚ್ಚಿ, ನರ್ಸಕ್ಕನ ಕಡೆ ತಿರುಗಿದ.

"ಹತ್ತು ನಿಮಿಷ. ಮಾತಾಡೋ ಹಾಗಿಲ್ಲ."

"ಅಲ್ವೋ, ನಾನು..."

"ಕತ್ತಿ ಕೈಲಿದೆ, ನರ್ಸಕ್ಕಾ."

ನರ್ಸಕ್ಕ ಬಾಯಿ ಮುಚ್ಚಿದಳು. ಗಡಿಯಾರದ ಮುಳ್ಳಿನ ಸದ್ದು ಆ ಕೋಣೆಯಲ್ಲಿ ಮೊದಲ ಸಲ ಕೇಳಿಸಿತು. ಗಡ್ಡ ರಾಶಿರಾಶಿಯಾಗಿ ಇಳಿದು, ಒಂದು ಗೀರೂ ಇಲ್ಲದ ನುಣುಪಾದ ಗಲ್ಲ ಹೊರಬಂತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹತ್ತನೇ ನಿಮಿಷ ಮುಗಿದದ್ದು ನರ್ಸಕ್ಕನ ಕಣ್ಣು ತಪ್ಪಲಿಲ್ಲ.

"ಪರವಾಗಿಲ್ಲ ತಮ್ಮಾ," ಎಂದಳು. "ಆದ್ರೆ ನಮ್ಮ ತವರಿನವನಾಗಿದ್ರೆ ಆ ಪೆನ್ನುಗಳನ್ನೂ ಹುಡುಕಿ ಕೊಡ್ತಿದ್ದ."

"ಅದಕ್ಕೆ ಉತ್ತರ ನಾಳೆ," ಎಂದು ಕ್ಷೌರಿಕ ಕತ್ತಿ ಒರೆಸಿದ.