ಖಂದಕ್ಕನ ಮೊಮ್ಮಗನ ಕೆಮ್ಮು

ಉಲಾನ್‌ಬಾತರಿನ ಉತ್ತರದ ಗುಡ್ಡದ ಮೇಲೆ, ನಮ್ಮ ಗುಡಾರದ ಬೇಲಿಗೆ ಅಂಟಿಕೊಂಡೇ ಖಂದಕ್ಕನ ಗುಡಾರ. ಹುಲ್ಲುಗಾವಲಿನಲ್ಲಿ ಕುರಿ ಕಾಯುತ್ತಿದ್ದ ಹೆಂಗಸು. ಮಗಳು ಓಯುನ್ ಉಣ್ಣೆ ಕಾರ್ಖಾನೆಗೆ ಸೇರಿದ ಮೇಲೆ, ಮೊಮ್ಮಗನನ್ನು ನೋಡಿಕೊಳ್ಳಲೆಂದು ಬಂದು ಇಲ್ಲೇ ಉಳಿದಳು. "ಈ ಊರಲ್ಲಿ ನನಗೆ ಗೊತ್ತಿರೋದು ಎರಡೇ ದಾರಿ ಕಣೆ. ಒಂದು ನೀರು ಹಿಡಿಯೋ ಜಾಗಕ್ಕೆ, ಇನ್ನೊಂದು ನಿನ್ನ ಮನೆಗೆ" ಎನ್ನುತ್ತಿದ್ದಳು ನನಗೆ.

ಮೊಮ್ಮಗ ಬಿಲ್ಗೂನನಿಗೆ ಎರಡು ವರ್ಷ ತುಂಬಿದ ಚಳಿಗಾಲದಲ್ಲಿ ಕೆಮ್ಮು ಹಿಡಿಯಿತು. ಓಯುನ್ ಅವನನ್ನು ಚಿಕಿತ್ಸಾಲಯದಲ್ಲಿ ತೋರಿಸಿಕೊಂಡು ಬಂದಳು. ಮಾರನೇ ಬೆಳಿಗ್ಗೆ ನಾನು ಹಾಲು ಕೊಡಲು ಹೋದಾಗ ಅವಳು ಬೂಟಿಗೆ ಕಾಲು ತುರುಕುತ್ತ ತಾಯಿಗೆ ಹೇಳುತ್ತಿದ್ದಳು.

"ಕೆಮ್ಮಿನ ಔಷಧಿ ಯಾವುದೂ ಬೇಡ ಅಂದಿದ್ದಾರಮ್ಮ. ಉಗುರುಬೆಚ್ಚಗಿನ ನೀರು ಆಗಾಗ ಕುಡಿಸು. ವರ್ಷ ದಾಟಿದ ಮಗು, ಚೂರು ಜೇನು ಕೊಡಬಹುದಂತೆ. ಉಸಿರು ಎಳೆಯುವಾಗ ಪಕ್ಕೆ ಒಳಕ್ಕೆ ಹೋದ್ರೆ, ನೀರು ಕುಡಿಯೋದು ಬಿಟ್ರೆ, ನನಗೆ ಕಾಯಬೇಡ. ಆಸ್ಪತ್ರೆಗೆ ಹೋಗಿಬಿಡು."

"ಅಷ್ಟೇನಾ?"

"ಹೊಗೆಯಿಂದ ದೂರ ಇಡಿ ಅಂದ್ರು."

ಖಂದಕ್ಕ ನಡುವೆ ಉರಿಯುತ್ತಿದ್ದ ಒಲೆ ನೋಡಿದಳು. "ಎಲ್ಲಿಗೆ ದೂರ?"

ಓಯುನ್ ಚೀಲ ಎತ್ತಿಕೊಂಡಳು. ಬಸ್ಸಿಗೆ ಹೊತ್ತಾಗಿತ್ತು.

ಹುಡುಗ ಕೆಮ್ಮಿ ಕೆಮ್ಮಿ ಕುಡಿದ ಹಾಲನ್ನೆಲ್ಲ ಕಕ್ಕಿದ. ಖಂದಕ್ಕ ಒರೆಸಿದಳು, ಬಟ್ಟೆ ಬದಲಿಸಿದಳು, ಬೆನ್ನು ನೆಟ್ಟಗಿರುವಂತೆ ತೊಡೆಯ ಮೇಲೆ ಕೂರಿಸಿಕೊಂಡಳು. ಕಣ್ಣು ಮುಚ್ಚುವಷ್ಟರಲ್ಲಿ ಮತ್ತೆ ಕೆಮ್ಮು ಅವನನ್ನು ಎಬ್ಬಿಸುತ್ತಿತ್ತು. ಅವನಿಗೆ ಅಳುವುದಕ್ಕೂ ಉಸಿರು ಸಾಲುತ್ತಿರಲಿಲ್ಲ.

ಬೇಲಿಯಾಚೆ ಕೇಳಿಸಿಕೊಳ್ಳುತ್ತಿದ್ದ ನನ್ನ ಗಂಡ ದೊಂದೊಗ್ ತಡೆಯಲಾರದೆ ತನ್ನ ಕೆಮ್ಮಿನ ಸೀಸೆ ಹಿಡಿದುಕೊಂಡು ಬಂದ. "ಅರ್ಧ ಚಮಚ ಹಾಕು ಖಂದಾ. ನನಗಂತೂ ಕುಡಿದ ತಕ್ಷಣ ನಿದ್ದೆ."

"ನಿನಗೆ ಬಸ್ಸು ಓಡಿಸುವಾಗಲೂ ನಿದ್ದೆ ಬರ್ತಿತ್ತು."

"ಆಡ್ಕೋ. ಮಗು ಒಂದು ಗಳಿಗೆ ಮಲಗೋದು ಬೇಡ್ವಾ?"

ಆ ಮಾತು ನಾಟಿತು. ಅವಳು ಸೀಸೆ ತೆಗೆದುಕೊಂಡು ಮೂಸಿ ನೋಡಿದಳು, ಚಮಚಕ್ಕೆ ಸುರಿದೂ ಸುರಿದಳು. ಹುಡುಗ ಸಿಹಿ ಅಂದುಕೊಂಡು ಬಾಯಿ ತೆರೆದ. ಚಮಚ ಹಾಗೇ ನಿಂತಿತು.

"ಇದು ಕೆಮ್ಮನ್ನ ನಿಲ್ಲಿಸುತ್ತೋ ಉಸಿರನ್ನೇ ನಿಲ್ಲಿಸುತ್ತೋ, ನನಗೇನು ಗೊತ್ತು?" ಎಂದು ಅದನ್ನು ಬೂದಿಯ ಡಬ್ಬಕ್ಕೆ ಚೆಲ್ಲಿದಳು. ದೊಂದೊಗ್ ಗೊಣಗುತ್ತ ಹೊರಟ. ಆ ಪುಟ್ಟ ಬಾಯಿ ಇನ್ನೂ ತೆರೆದೇ ಇತ್ತು. ಅವಳು ಬೆರಳ ತುದಿಯಲ್ಲಿ ಜೇನು ತೆಗೆದು ನೆಕ್ಕಿಸಿದಳು, ಮೇಲೆ ಎರಡು ಗುಟುಕು ನೀರು. ಸ್ವಲ್ಪ ಹೊತ್ತು ಸುಮ್ಮನಾದ.

ಸೂರ್ಯ ಇಳಿಯುವ ಮೊದಲು ಅವಳು ನನ್ನನ್ನು ಕೂಗಿದಳು. "ಬಾ ಇಲ್ಲಿ, ನೋಡು. ನನ್ನ ಕಣ್ಣು ಸುಳ್ಳು ಹೇಳ್ತಿದೆಯೇನೋ." ಅಂಗಿ ಎತ್ತಿದ್ದಳು. ಉಸಿರಿನ ಜೊತೆ ಪಕ್ಕೆಗಳ ಕೆಳಗೆ ಚರ್ಮ ಗುಳಿ ಬೀಳುತ್ತಿತ್ತು. ನೀರಿನ ಬಟ್ಟಲು ಒಡ್ಡಿದರೆ ಮುಖ ತಿರುಗಿಸಿದ.

ತುರ್ತು ವಾಹನಕ್ಕೆ ಫೋನು ಮಾಡಿದೆ. ಹತ್ತಿರದ್ದು ಯಾವುದೂ ಖಾಲಿ ಇರಲಿಲ್ಲ. ಅವನನ್ನು ನಿಲುವಂಗಿಯೊಳಗೆ ಕಟ್ಟಿಕೊಂಡು ಹೆಪ್ಪುಗಟ್ಟಿದ ಇಳಿಜಾರಿನಲ್ಲಿ ಜಾರುತ್ತ, ನನ್ನ ತೋಳು ಹಿಡಿದು ಅವಳು ಕೆಳಗಿನ ರಸ್ತೆಗೆ ಬಂದಳು. ಯಾರೋ ಕಾರು ನಿಲ್ಲಿಸಿದರು. ದಾರಿಯುದ್ದಕ್ಕೂ ಅವಳು ನಿಲುವಂಗಿಯೊಳಗೆ ಕಿವಿಯಿಟ್ಟು ಕೂತಿದ್ದಳು.

ಆಸ್ಪತ್ರೆಯ ಪಡಸಾಲೆಯ ತುಂಬ ಅಂಥದೇ ಕೆಮ್ಮು, ಅಂಥವೇ ಮಕ್ಕಳು. ಬಿಲ್ಗೂನನ ಮೂಗಿಗೆ ಆಮ್ಲಜನಕದ ನಳಿಕೆ ಅಂಟಿಸಿದ ಮೇಲೆ ವೈದ್ಯೆ ಕೇಳಿದಳು, "ಮನೆಯಲ್ಲಿ ಏನಾದರೂ ಔಷಧಿ ಕೊಟ್ಟಿದ್ರಾ?"

"ಇಲ್ಲ. ನಾನು ಏನೂ ಮಾಡಲಿಲ್ಲ."

"ಒಳ್ಳೇದಾಯ್ತು ಅಜ್ಜಿ. ಹೊತ್ತಿಗೆ ಸರಿಯಾಗಿ ತಂದ್ರಿ."

ಖಂದಕ್ಕನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಬೆಂಚಿನ ಮೇಲೆ ಕೂತು ನನ್ನತ್ತ ನೋಡದೆಯೇ ಹೇಳಿದಳು: "ಕುರಿಮರಿ ನಡುಗಿದ್ರೆ ಎದೆಗೆ ಒತ್ಕೊಳ್ತಿದ್ದೆ, ಸುಮ್ಮನಾಗ್ತಿತ್ತು. ಇವನನ್ನೂ ಒತ್ಕೊಂಡೆ. ಸುಮ್ಮನಾಗಲಿಲ್ಲ ನೋಡು." ಕೆಲಸದಿಂದ ಓಡಿ ಬಂದ ಓಯುನ್ ತಾಯಿಯ ಪಕ್ಕದಲ್ಲಿ ಕೂತು ಅವಳ ಕೈಗವಸು ಬಿಚ್ಚಿ ಬೆರಳು ತಿಕ್ಕಿದಳು.

ಹುಡುಗ ಉಳಿದ. ವಾರ ಕಳೆದು ಮನೆಗೆ ಕಳಿಸುವಾಗ ಖಂದಕ್ಕ ಕೇಳಿದಳು, "ಇನ್ನು ನಾನೇನು ಮಾಡಲಿ?" ವೈದ್ಯೆ ಮೊದಲಿನದ್ದೇ ಹೇಳಿದಳು. ನೀರು ಕುಡಿಸಿ, ಜೇನು ಕೊಡಿ, ಪಕ್ಕೆ ನೋಡ್ತಾ ಇರಿ. ಕೆಮ್ಮು ಇನ್ನೂ ಕೆಲವು ವಾರ ಇರುತ್ತದೆ ಎಂದೂ ಹೇಳಿದಳು.

ಗುಡಾರ ತಣ್ಣಗಾಗಿತ್ತು, ಬಕೆಟ್ಟಿನ ನೀರು ಮಂಜುಗಡ್ಡೆ. ಒಲೆ ಹಚ್ಚದೆ ಗತ್ಯಂತರವಿರಲಿಲ್ಲ. ಮೊದಲ ಹೊಗೆ ಹೋಗುವವರೆಗೆ ಮಗು ನಮ್ಮಲ್ಲಿರಲಿ ಎಂದೆ. ನಮ್ಮಲ್ಲೂ ಉರಿಯುತ್ತಿದ್ದದ್ದು ಅದೇ ಕಲ್ಲಿದ್ದಲ ಉಂಡೆ. ಓಯುನ್ ಮಗುವನ್ನೆತ್ತಿಕೊಂಡು ಎರಡು ಗುಡಾರಗಳ ನಡುವೆ ನಿಂತಳು. ಗುಡ್ಡದ ಕೆಳಗೆ ಹೊಗೆಯಲ್ಲಿ ಊರೇ ಕಾಣುತ್ತಿರಲಿಲ್ಲ. ಒಳಗೆ ಖಂದಕ್ಕ ಮಂಡಿಯೂರಿ ಒಲೆ ಊದುತ್ತಿದ್ದಳು.